ಲಕೋಟೆಯೊಳಗಿನ ಸಂಖ್ಯೆ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಕನಸಿನಲ್ಲಿ ಕಂಡದ್ದು ಮರುದಿನ ನಡೆಯಿತು ಎಂದು ಗೆಳತಿಯರು ಕಣ್ಣರಳಿಸಿದರೆ, ನಡೆಯದೇ ಹೋದ ಕನಸುಗಳ ಪಟ್ಟಿಯನ್ನೂ ಕೊಡಿ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಇವಳ ಹತ್ತಿರ ಮಾತಾಡಿ ಉಪಯೋಗವಿಲ್ಲ ಎಂದು ಅವರೂ ಬಿಟ್ಟುಬಿಟ್ಟಿದ್ದರು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಬೇಸರಪಟ್ಟುಕೊಳ್ಳುವಷ್ಟು ತ್ರಾಣವೂ ಈಗ ಇಲ್ಲ.

ಕೆಲವು ವರ್ಷಗಳ ಹಿಂದೆ ಸಿಂಗಪುರದಲ್ಲಿ ಒಂದು ಸಂಶೋಧನಾ ಗುಂಪಿನಲ್ಲಿ ಕೆಲಸಕ್ಕಿದ್ದೆ. ವಿಶ್ವದಲ್ಲಿ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ರೇಡಿಯೋ ಅಲೆಗಳು ಇಂದಿಗೂ ಆಕಾಶದಲ್ಲಿ ಉಳಿದಿರಬೇಕು ಎಂದು ಸಿದ್ಧಾಂತ ಹೇಳುತ್ತದೆ. ಆದರೆ ಅವು ತೀರಾ ಕ್ಷೀಣ. ನಮ್ಮ ಫೋನುಗಳ, ವಿಮಾನಗಳ, ನಮ್ಮದೇ ಆಕಾಶಗಂಗೆಯ ಗದ್ದಲದಲ್ಲಿ ಮುಳುಗಿಹೋಗಿರುತ್ತವೆ. ಎಲ್ಲೋ ದೂರದ ಮರುಭೂಮಿಯಲ್ಲಿ ನೆಟ್ಟ ಆಂಟೆನಾಗಳು ಕಳಿಸಿದ ದತ್ತಾಂಶದಿಂದ ಆ ಗದ್ದಲವನ್ನು ಒಂದೊಂದಾಗಿ ಕಳೆಯುತ್ತ ಹೋಗುವುದು ನನ್ನ ಪಾಲಿನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಮೂರು ವರ್ಷ ಆರಿಸಿದೆ. ಗುತ್ತಿಗೆ ಮುಗಿಯಲು ನಾಲ್ಕು ತಿಂಗಳಿತ್ತು. ಫಲಿತಾಂಶ ಪ್ರಕಟವಾದರೆ ಮುಂದುವರಿಕೆ, ಇಲ್ಲದಿದ್ದರೆ ಮನೆ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಬೇಕಾದ ಉತ್ತರ ಕಂಡ ಕೂಡಲೇ ಮನುಷ್ಯ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುತ್ತಾನಲ್ಲ, ಅದಕ್ಕಾಗಿ ಶುರುವಿನಲ್ಲೇ ಕಂಪ್ಯೂಟರಿನಿಂದ ಒಂದು ಗುಟ್ಟಿನ ಸಂಖ್ಯೆ ಆರಿಸಿ ದತ್ತಾಂಶಕ್ಕೆ ಬೆರೆಸಿಡುತ್ತಾರೆ. ನಾವು ಹುಸಿ ಉತ್ತರದ ಮೇಲೆಯೇ ದುಡಿಯುತ್ತೇವೆ. ಎಲ್ಲ ಮುಗಿದು, ಇನ್ನೇನನ್ನೂ ಬದಲಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದ ಮೇಲೆ ಆ ಸಂಖ್ಯೆಯನ್ನು ಹೊರತೆಗೆದು ಕಳೆಯುತ್ತೇವೆ. ಆಗ ಬಂದದ್ದೇ ನಿಜವಾದ ಉತ್ತರ. ಅಷ್ಟರೊಳಗೆ ಸಂಖ್ಯೆ ಯಾರಿಗಾದರೂ ತಿಳಿದರೆ ಅಷ್ಟೂ ಕೆಲಸ ಮೈಲಿಗೆ.

ನಮ್ಮ ಸಂಖ್ಯೆಯನ್ನು ಕಾಯುತ್ತಿದ್ದವರು ಗುಂಪಿನ ಹಿರಿಯರಾದ ಅನ್ನಪೂರ್ಣಕ್ಕ. ವಿಜಯಪುರದ ಕಡೆಯವರು. ಎಲ್ಲರೆದುರು ಅವರನ್ನು ಮೇಡಂ ಎನ್ನುತ್ತಿದ್ದೆ, ಇಬ್ಬರೇ ಇದ್ದಾಗ ಅಕ್ಕ. ಮಧ್ಯಾಹ್ನ ಅಗ್ಗದ ತಿನಿಸಿನ ಮಳಿಗೆಗಳಿರುವ ಹಾಕರ್ ಸೆಂಟರಿನಲ್ಲಿ ಜೊತೆಗೇ ಊಟ. ಸಂಖ್ಯೆಯನ್ನು ಮುದ್ರಿಸಿದಾಗ ಅದನ್ನು ಅವರೊಬ್ಬರೇ ನೋಡಿದ್ದರು. ಲಕೋಟೆಗೆ ಹಾಕಿ ಅಂಟಿಸಿದರು. ಅಂಟಿಸಿದ ಗೆರೆಯ ಮೇಲೆ ನಾವು ಐದೂ ಜನ ಸಹಿ ಹಾಕಿದೆವು.

ಲಕೋಟೆ ಒಡೆದದ್ದು ಒಂದು ಬೆಳಿಗ್ಗೆ ಹತ್ತು ಗಂಟೆಗೆ. ಸಹಿಗಳು ಒಂದಿನಿತೂ ಅಲುಗಿರಲಿಲ್ಲ. ಅನ್ನಪೂರ್ಣಕ್ಕ ಗಟ್ಟಿಯಾಗಿ ಓದಿದರು: ೪೧.೭೦೩೮. ಯಂತ್ರ ಅದನ್ನು ಕಳೆಯಿತು. ಮೊದಲ ನಕ್ಷತ್ರಗಳು ಕಾಣಲಿಲ್ಲ. ಆದರೆ ಅವುಗಳ ಸದ್ದು ಇಂತಿಷ್ಟಕ್ಕಿಂತ ಜೋರಾಗಿರಲಾರದು ಎಂದು ಧೈರ್ಯವಾಗಿ ಹೇಳುವಂತಾಯಿತು. ನಮ್ಮಲ್ಲಿ ಅದೂ ಗೆಲುವೇ. ಎಲ್ಲರೂ ಕೈಕುಲುಕಿದರು. ನನಗೆ ಒಂದೇ ಆಸೆ, ಮನೆಗೆ ಹೋಗಿ ಮಲಗಬೇಕು.

ಜುರಾಂಗ್ ಈಸ್ಟ್‌ನಲ್ಲಿ ಎಂಆರ್‌ಟಿ ರೈಲು ಹತ್ತಿದೆ. ಮನೆ ಹೌಗಾಂಗ್‌ನಲ್ಲಿ, ಊರಿನ ಇನ್ನೊಂದು ತುದಿ. ಮಧ್ಯಾಹ್ನವಾದ್ದರಿಂದ ಕೂರಲು ಜಾಗ ಸಿಕ್ಕಿತು. ಪ್ರಬಂಧಕ್ಕೆ ಬೇಕಾದ ವಿವರ ಗುರುತು ಹಾಕಿಕೊಳ್ಳೋಣ ಎಂದು ನೋಟ್‌ಬುಕ್ ತೆಗೆದೆ. ಅದರಲ್ಲಿ ನಾನು ಬರೆಯುವುದು ಕನ್ನಡ ಅಂಕಿಗಳಲ್ಲಿ. ಮೈಸೂರಿನ ಶಾಲೆಯಲ್ಲಿ ಬಿದ್ದ ಅಭ್ಯಾಸ. ರೈಲಿನಲ್ಲಿ ಪಕ್ಕದವರು ಇಣುಕಿದರೂ ತಿಳಿಯುವುದಿಲ್ಲ ಎಂಬ ಸಣ್ಣ ಸಂತೋಷವೂ ಇತ್ತು. ಹಾಳೆ ಮಗುಚುತ್ತಿದ್ದಾಗ ಒಂದು ಪುಟದ ಅಂಚಿನಲ್ಲಿ, ಅಡ್ಡಲಾಗಿ, ಸುತ್ತ ಗೆರೆ ಎಳೆದು ಬರೆದಿತ್ತು: ೪೧.೭೦೩೮.

ಅಕ್ಷರ ನನ್ನದೇ. ಏಳರ ಬಾಲವನ್ನು ಕೆಳಗೆ ಎಳೆಯುವುದು ನಾನೇ. ಆ ಪುಟದ ಲೆಕ್ಕಕ್ಕೂ ಆ ಸಂಖ್ಯೆಗೂ ಏನೇನೂ ಸಂಬಂಧವಿರಲಿಲ್ಲ. ಪುಟದ ನೆತ್ತಿಯ ತಾರೀಖು, ಲಕೋಟೆಯ ಸಂಖ್ಯೆ ಹುಟ್ಟುವುದಕ್ಕೆ ಎರಡು ವಾರ ಮೊದಲಿನದು. ಆದರೆ ಅಂಚಿನಲ್ಲಿ ಯಾವತ್ತು ಬೇಕಾದರೂ ಗೀಚಬಹುದಲ್ಲ. ಕಾಕತಾಳೀಯವೆಂದು ಸಮಾಧಾನಪಡಲು ಲೆಕ್ಕ ಹಾಕಿದೆ. ಹತ್ತು ಲಕ್ಷದಲ್ಲಿ ಒಂದು. ತಲೆಯೆತ್ತಿ ನೋಡಿದರೆ, ಇಳಿಯಬೇಕಾದ ಸ್ಟೇಷನ್ ದಾಟಿ ಹೋಗಿದ್ದೆ.

ಸಂಜೆ ಗಂಡ ಪ್ರಸನ್ನನಿಗೆ ತೋರಿಸಿದೆ. ಅವನು ಸಾಫ್ಟ್‌ವೇರಿನವನು. ಪುಟವನ್ನು ದೀಪದ ಹತ್ತಿರ ಹಿಡಿದು ನೋಡಿ ವಾಪಸ್ ಕೊಟ್ಟ.

"ಸುಮ್ನೆ ಇದ್ಬಿಡು. ಅಲ್ಲಿ ಕನ್ನಡ ಅಂಕಿ ಓದೋರು ಯಾರಿದಾರೆ? ಕಾಂಟ್ರಾಕ್ಟ್ ರಿನ್ಯೂ ಆಗ್ಲಿ ಮೊದ್ಲು."

ಅವನದು ತಪ್ಪೆಂದು ನಾನು ಹೇಳಲಾರೆ. ಸುಮ್ಮನಿರಬೇಕೆಂದು ನನಗೂ ತುಂಬಾ ಆಸೆಯಿತ್ತು. ಎರಡು ದಿನ ಸುಮ್ಮನಿದ್ದೂ ನೋಡಿದೆ. ಮೂರನೆಯ ದಿನ ಅನ್ನಪೂರ್ಣಕ್ಕನ ಕೋಣೆಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟೆ. ಅವರಿಗೆ ಕನ್ನಡ ಅಂಕಿ ಓದಲು ಬರುತ್ತಿತ್ತು. ಓದಿದರು, ಕನ್ನಡಕ ತೆಗೆದರು.

"ಯಾವಾಗ ಬರ್ದಿದ್ದು?"

"ಗೊತ್ತಿಲ್ಲ ಅಕ್ಕಾ."

"ಲಕೋಟೆ ಮುಟ್ಟಿಲ್ಲ ತಾನೇ ನೀನು?"

ಇಲ್ಲ ಎಂದು ಹೇಳಬೇಕಿತ್ತು. ಆ ದಿನಗಳಲ್ಲಿ ನನಗೆ ನಿದ್ದೆಯೇ ಇರಲಿಲ್ಲ. ಬೆಳಿಗ್ಗೆ ಏನು ತಿಂದೆನೆಂದು ಮಧ್ಯಾಹ್ನ ನೆನಪಿರುತ್ತಿರಲಿಲ್ಲ. ಲಕೋಟೆಯಿದ್ದ ಅವರ ಕೋಣೆಯ ಬೀಗದ ಕೈ ನನ್ನ ಬಳಿಯೂ ಇತ್ತು. ಸಹಿಗಳು ಅಲುಗಿರಲಿಲ್ಲ, ನಿಜ. ಆದರೂ ಕಣ್ಣೆದುರು ನನ್ನದೇ ಅಕ್ಷರ.

"ಮುಟ್ಟಿದ ನೆನಪಿಲ್ಲ ಅಕ್ಕಾ. ಅಷ್ಟೇ ಹೇಳಬಲ್ಲೆ."

"ಹಂಗ್ಯಾಕ್ ಮಾತಾಡ್ತಿ ನೀ!" ಎಂದರು. ಬೆಂಗಳೂರಿನ ಮಾತು ಬಿಟ್ಟು ಅವರು ತಮ್ಮೂರಿನ ಮಾತಿಗೆ ಜಾರುತ್ತಿದ್ದದ್ದು ಸಿಟ್ಟು ಬಂದಾಗ, ಇಲ್ಲವೇ ಹೆದರಿದಾಗ ಮಾತ್ರ. ಆಮೇಲೆ ಮೆಲ್ಲಗೆ, "ನಾನು ನಂಬ್ತೀನಿ. ಆದ್ರೆ ಮುಚ್ಚಿಡೋಕಾಗಲ್ಲ," ಎಂದರು.

ಗುಂಪು ಸೇರಿತು. ಯಾರೂ ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಹಗುರವಾಗುತ್ತಿತ್ತು. ಸಂಖ್ಯೆ ಹೇಗೆ ಬಂತೆಂಬುದು ಮುಖ್ಯವಲ್ಲ, ವಿಶ್ಲೇಷಣೆ ಮಾಡಿದವಳ ಕೈಯಲ್ಲಿ ಅದು ಇತ್ತೆಂಬುದಷ್ಟೇ ಮುಖ್ಯ ಎಂದು ತೀರ್ಮಾನವಾಯಿತು. ಹೊಸ ಸಂಖ್ಯೆ, ಹೊಸ ಕಾವಲುಗಾರ, ಹೊಸ ವಿಶ್ಲೇಷಕ. ಎಲ್ಲ ಮೊದಲಿನಿಂದ. ನಾಲ್ಕು ತಿಂಗಳಿಗೆ ನನ್ನ ಗುತ್ತಿಗೆ ಮುಗಿಯಿತು. ಈಗ ಒಂದು ವಿಮಾ ಕಂಪನಿಯಲ್ಲಿ, ಯಾರು ಯಾವಾಗ ಕಾಯಿಲೆ ಬೀಳಬಹುದು ಎಂದು ಅಂದಾಜು ಹಾಕುತ್ತೇನೆ. ಕೆಲಸ ಕಷ್ಟದ್ದಲ್ಲ. ಆದರೂ ದಣಿವು ಹೋಗಿಲ್ಲ.

ಒಂದೂವರೆ ವರ್ಷದ ನಂತರ, ಒಂದು ಭಾನುವಾರ, ಅನ್ನಪೂರ್ಣಕ್ಕ ಫೋನ್ ಮಾಡಿದರು. ಎರಡನೆಯ ಲಕೋಟೆ ಒಡೆದಿದ್ದರಂತೆ. ಉತ್ತರ ಹೆಚ್ಚುಕಡಿಮೆ ನನ್ನದೇ. "ನೀನು ಮಾಡಿದ್ದೆಲ್ಲಾ ಸರಿಯಾಗೇ ಇತ್ತು," ಎಂದರು. ಸಂತೋಷವೆನ್ನಿಸಲಿಲ್ಲ, ಸುಮ್ಮನೆ ಸೋಫಾದ ಮೇಲೆ ಕೂತೆ. ಅವರು ಫೋನ್ ಇಡಲಿಲ್ಲ.

"ಒಂದ್ ಮಾತು. ಆ ನೋಟ್‌ಬುಕ್ ಇದೆಯಾ ಇನ್ನೂ?"

"ಇದೆ."

"ಹೊಸ ನಂಬರ್ ಹೇಳ್ತೀನಿ. ಅದೂ ಅದ್ರಲ್ಲಿ ಇದೆಯಾ ನೋಡು." ಯಾಕೆಂದೂ ಹೇಳಿದರು. "ಊಟಕ್ಕೆ ಕೂತಾಗ ನಾನೇ ಎಲ್ಲೋ ಬಾಯಿತಪ್ಪಿ ಅಂದುಬಿಟ್ಟಿದ್ದೆನಾ ಅಂತ... ನಿನ್ ಕೆಲ್ಸ ನಾನೇ ಕಳದ್ನಾ ಅಂತ... ಅವತ್ತಿನಿಂದ ಅದೇ ಕೊರಗು ನಂಗ. ಈ ಸಲದ ನಂಬರ್ ಲಕೋಟೆ ಒಡೆಯೋವರ್ಗೂ ನಾನು ನೋಡೇ ಇರ್ಲಿಲ್ಲ."

ನಾನು ನನ್ನ ಪಾಡು ಮಾತ್ರ ಅನುಭವಿಸುತ್ತಿದ್ದೆ. ಅವರ ಪಾಡು ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಹೊಸ ಸಂಖ್ಯೆಯೂ ಆ ಹಳೆಯ ಪುಸ್ತಕದಲ್ಲಿದ್ದರೆ, ಏನು ನಡೆಯಿತೋ ಯಾರಿಗೂ ತಿಳಿಯದು, ಆದರೆ ಅವರು ಹೇಳಿರಲಿಲ್ಲ ಎಂದಾಗುತ್ತದೆ. ಇಲ್ಲದಿದ್ದರೆ, ಒಂದೋ ಅವರು ಬಾಯಿಬಿಟ್ಟಿದ್ದರು, ಇಲ್ಲವೇ ನಾನು ಕದ್ದಿದ್ದೆ.

ಅವರು ಸಂಖ್ಯೆ ಹೇಳಿದರು. ತಾಳಿ, ನೋಡುತ್ತೇನೆ ಎಂದೆ. ಎದ್ದು ಆ ಪುಸ್ತಕವಿದ್ದ ಕಪಾಟಿನವರೆಗೆ ನಡೆದೆ, ಅದರ ಮುಂದೆ ನಿಂತು ಒಂದು ನಿಮಿಷ ಬಿಟ್ಟು ಫೋನನ್ನು ಕಿವಿಗಿಟ್ಟುಕೊಂಡೆ.

"ಇದೆ ಅಕ್ಕಾ. ಇಲ್ಲೇ ಇದೆ, ಅಂಚಿನಲ್ಲಿ."

ಆ ಕಡೆಯಿಂದ ಅಳು ಕೇಳಿಸಿತು. "ಹಂಗಾರ ನಾ ಅಂದಿಲ್ಲಲ್ಲ," ಎಂದರು, "ನಾ ಅಂದಿಲ್ಲ."

ನಾನು ಕಪಾಟನ್ನು ತೆರೆದಿರಲಿಲ್ಲ. ಇವತ್ತಿಗೂ ತೆರೆದಿಲ್ಲ.