ಗೋಡೆಯಾಚೆಯ ಸ್ಪೀಕರುಗಳು, ನನ್ನ ಚೆಂಡೆ

ಕೋಲ್ಕತ್ತಕ್ಕೆ ಬಂದ ಮೊದಲ ವರ್ಷ, ಒಂದು ಬೆಳಿಗ್ಗೆ, ಕಿಟಕಿಯ ಕೆಳಗೆ ಯಾರೋ ಚೆಂಡೆ ಬಾರಿಸುತ್ತಿದ್ದಾರೆಂದು ಹಾಸಿಗೆಯಿಂದ ಎದ್ದವನೇ ಲುಂಗಿಯಲ್ಲೇ ಮೆಟ್ಟಿಲಿಳಿದು ಓಡಿದೆ. ಉಡುಪಿ ಕಡೆಯವನಿಗೆ ಆ ಸದ್ದು ಕೇಳಿದರೆ ಕಾಲು ನಿಲ್ಲುವುದಿಲ್ಲ. ಬೀದಿಯಲ್ಲಿದ್ದದ್ದು ಚೆಂಡೆಯಲ್ಲ. ಹೆಗಲಿಗೆ ಅಡ್ಡ ತೂಗಿಸಿಕೊಂಡ, ಒಂದು ತುದಿಗೆ ಬಿಳಿ ಪುಕ್ಕ ಸಿಕ್ಕಿಸಿದ, ಪೀಪಾಯಿಯಷ್ಟು ದೊಡ್ಡ ವಾದ್ಯ. ದುರ್ಗಾಪೂಜೆಗೆ ಬಾರಿಸುವ ಢಾಕ್ ಅದು ಎಂದು ಆಮೇಲೆ ತಿಳಿಯಿತು. ಅದರ ಮುಂದೆ ನನ್ನ ಮಗಳು ಮೇಘಾ, ನನಗಿಂತ ಮುಂಚೆಯೇ ಇಳಿದು ಬಂದವಳು, ಮೈಮರೆತು ಕುಣಿಯುತ್ತಿದ್ದಳು. ಊರಲ್ಲಿ ನಾನು ಚೆಂಡೆ ಬಾರಿಸಲು ಕೂತರೆ ಕಿವಿ ಮುಚ್ಚಿಕೊಂಡು ಅಜ್ಜಿಯ ಸೆರಗಿನೊಳಗೆ ಸೇರುತ್ತಿದ್ದ ಹುಡುಗಿ! ಆ ಢಾಕಿನ ಮೇಲೆ ನನಗೆ ಅಂದೇ ಹೊಟ್ಟೆಕಿಚ್ಚು ಶುರುವಾಯಿತು.

ನಾನು ಬಿಬಿಡಿ ಬಾಗ್‌ನ ಬ್ಯಾಂಕ್ ಕಚೇರಿಯೊಂದಕ್ಕೆ ವರ್ಗವಾಗಿ ಬಂದವನು. ಮನೆ ಬಾರಾನಗರದಲ್ಲಿ, ನದಿಗೆ ಹತ್ತಿರ, ಹಸಿರು ಕಿಟಕಿಗಳ ಹಳೆಯ ಕಟ್ಟಡದ ಎರಡನೇ ಮಹಡಿ. ಇಲ್ಲಿ ಬೀದಿಗೆ ಬರೀ ಬೀದಿ ಎನ್ನುವುದಿಲ್ಲ, ಪಾಡಾ ಎನ್ನುತ್ತಾರೆ. ನಮ್ಮ ಕೇರಿಯ ಹಾಗೆ, ಯಾರ ಮನೆಯಲ್ಲಿ ಏನು ಬೆಂದಿತೆಂದು ಎಲ್ಲರಿಗೂ ಗೊತ್ತಿರುವ ಜಾಗ. ಅನ್ನಕ್ಕೂ ಮೀನಿಗೂ ಬರವಿಲ್ಲ. ಆದರೆ ಬಂಗುಡೆಯ ಖಾರದ ಗಸಿ ತಿಂದು ಬೆಳೆದವನಿಗೆ ಸಾಸಿವೆ ಅರೆದು ಹಾಕಿದ ಇಲಿಶ್ ಮೀನು ಮೊದಲಿಗೆ ಗಂಟಲಲ್ಲಿ ಇಳಿಯಲಿಲ್ಲ, ಮುಳ್ಳುಗಳಂತೂ ಲೆಕ್ಕಕ್ಕಿಲ್ಲ. ಮೇಘಾ ಆ ಮುಳ್ಳುಗಳನ್ನು ನಾಲಿಗೆಯಲ್ಲೇ ಆರಿಸಿ ಪಕ್ಕಕ್ಕಿಡುವುದನ್ನು ಬೇಗ ಕಲಿತಳು. ಕಲಿಸಿದವರು ಪಕ್ಕದ ಮನೆಯ ನಿಖಿಲ್ ಬಾಬು.

ನನ್ನ ಹೊಟ್ಟೆಕಿಚ್ಚಿನ ಎರಡನೇ ಬಾಬತ್ತು ಇವರೇ. ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಮೇಘಾ ಅವರನ್ನು ಜೆಠು ಎನ್ನುತ್ತಾಳೆ, ಅಂದರೆ ದೊಡ್ಡಪ್ಪ. ಅವರ ಹಜಾರದ ಎರಡು ಮೂಲೆಗಳಲ್ಲಿ ನನ್ನ ಎದೆಯೆತ್ತರದ ಸ್ಪೀಕರುಗಳಿವೆ. ಕಂಪ್ಯೂಟರನ್ನು ಟೀವಿಗೆ ಜೋಡಿಸಿ ನಾಟಕ, ಕಥೆ, ಢಾಕ್, ಏನೇನೋ ಹಾಕುತ್ತಾರೆ. ಭಾನುವಾರ ಸಂಜೆ ಪಾಡಾದ ಮಕ್ಕಳೆಲ್ಲ ಅಲ್ಲೇ. ನಾವು ಗಂಡ ಹೆಂಡತಿ ಗೋಡೆಯ ಈಚೆ ಕೂತು ಚಹಾ ಕುಡಿಯುತ್ತ, ಮಗಳ ನಗುವನ್ನು ಗೋಡೆಯ ಮೂಲಕ ಕೇಳುತ್ತೇವೆ.

ನಾನು ಊರಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಚೆಂಡೆ ಬಾರಿಸುತ್ತಿದ್ದವನು. ಹೊರಡುವಾಗ ಚೆಂಡೆಯನ್ನು ಅಂಚೆ ಕಚೇರಿಯ ರಮಾನಂದನ ಕೈಗೆ ಕೊಟ್ಟು ಬಂದೆ. ಬಾಡಿಗೆ ಮನೆಯಲ್ಲಿ ಅದನ್ನು ಬಾರಿಸಿದರೆ ಮಾಲೀಕರು ಸಾಮಾನು ಹೊರಗಿಟ್ಟಾರು. ಇಲ್ಲಿ ಊಟದ ಮೇಜಿನ ಮೇಲೆ ಬೆರಳಲ್ಲಿ ಬಾರಿಸುವುದಷ್ಟೇ. ಕೊನೆಯ ಪೆಟ್ಟಿಗೆ ಮುಂಚೆ ಒಂದು ಉಸಿರಿನಷ್ಟು ತಡೆಯುವುದು ನನ್ನ ಚಟ. "ಕೊನೇ ಪೆಟ್ಟಿಗೆ ಮುಹೂರ್ತ ನೋಡ್ಲಿಕ್ಕುಂಟಾ ಮಾರಾಯಾ?" ಎಂದು ನಮ್ಮ ಭಾಗವತರು ಕಿಚಾಯಿಸುತ್ತಿದ್ದರು. ನಾನು ಬಾರಿಸಿದ್ದ ಹಳೆಯ ಆಟವೊಂದರ ವಿಡಿಯೊವನ್ನು ನನ್ನ ತಮ್ಮ ಕಳಿಸಿದ್ದ. ಅದನ್ನು ಮೇಘಾಳಿಗೆ ಫೋನಿನಲ್ಲಿ ತೋರಿಸಿದರೆ ಅವಳು ನಕ್ಕುಬಿಟ್ಟಳು. "ಅಪ್ಪಾ, ಇಟ್ ಸೌಂಡ್ಸ್ ಲೈಕ್ ಡಬ್ಬಾ."

ತಪ್ಪು ಅವಳದಲ್ಲ. ಆ ಸಣ್ಣ ಫೋನಿನಲ್ಲಿ ಗುಡುಗಿದರೂ ಡಬ್ಬವೇ. ಆದರೂ ಸಂಕಟವಾಯಿತು. ಮುಂದಿನ ವಾರವೇ ದೊಡ್ಡ ಟೀವಿ ಮತ್ತು ಹೋಮ್ ಥಿಯೇಟರ್ ಮನೆಗೆ ಬಂದವು.

"ಚೆಂಡೆ ಕೇಳ್ಸ್‌ಲಿಕ್ಕೋ, ಪಕ್ಕದ ಮನೆಯವರ ಹೊಟ್ಟೆ ಉರಿಸ್ಲಿಕ್ಕೋ?" ಎಂದಳು ಹೆಂಡತಿ ಶಾರದಾ.

"ಎರಡಕ್ಕೂ," ಎಂದೆ.

ಭಾನುವಾರ ಮಧ್ಯಾಹ್ನ ಜೋಡಣೆಗೆ ಕೂತೆ. ಟೀವಿಯ ಬೆನ್ನಿಗೆ ಒಂದೇ ಥರದ ಮೂರು ತೂತುಗಳು. ಒಂದರ ಪಕ್ಕ ಮಾತ್ರ ಎಆರ್‌ಸಿ ಎಂದು ಅಕ್ಷರಗಳಿದ್ದವು. ಹೆಸರಿಟ್ಟಿದ್ದಾರೆಂದರೆ ಮರ್ಯಾದೆಯ ಜಾಗವಿರಬೇಕು ಎಂದುಕೊಂಡು ಲ್ಯಾಪ್‌ಟಾಪಿನ ವೈರನ್ನು ಅಲ್ಲಿಗೇ ಸಿಕ್ಕಿಸಿದೆ. ಹೋಮ್ ಥಿಯೇಟರಿನ ಡಬ್ಬಿಗೆ ಪಕ್ಕದ ತೂತು. ಚಿತ್ರ ಝಗ್ ಎಂದು ಬಂತು, ಕಿರೀಟ, ಗೆಜ್ಜೆ ಎಲ್ಲ ಕಣ್ಣು ಕುಕ್ಕುವ ಹಾಗೆ. ಸದ್ದು ಮಾತ್ರ ಟೀವಿಯ ಹೊಟ್ಟೆಯೊಳಗಿಂದಲೇ ಕೀಚಲಾಗಿ ಬಂತು. ಲ್ಯಾಪ್‌ಟಾಪಿನ ಸೆಟ್ಟಿಂಗು ಬದಲಿಸಿದೆ, ಎಲ್ಲವನ್ನೂ ಆರಿಸಿ ಹಚ್ಚಿದೆ, ರಿಮೋಟಿಗೆ ಎರಡು ಪೆಟ್ಟು ಕೊಟ್ಟೆ. ಹೊಸ ಸ್ಪೀಕರುಗಳು ಬಾಯಿ ಬಿಡಲಿಲ್ಲ. ಗೋಡೆಯಾಚೆ ಅವರ ಸ್ಪೀಕರು ಆಗಲೇ ಗುಂಯ್ ಎನ್ನತೊಡಗಿತ್ತು. ನನಗೆ ಅಳುವಷ್ಟು ಸಿಟ್ಟು ಬಂತು.

ಅಲ್ಲಿಗೆ ಹೊರಟಿದ್ದ ಮೇಘಾ ಬಾಗಿಲಲ್ಲಿ ನಿಂತು, ಟೀವಿಯ ಹಿಂದೆ ಬಗ್ಗಿ ನೋಡಿದಳು.

"ಅಪ್ಪಾ, ಇದು ಉಲ್ಟಾ. ಸೌಂಡ್ ಬಾಕ್ಸ್ ಎಆರ್‌ಸಿಗೆ ಹೋಗ್ಬೇಕು. ಲ್ಯಾಪ್‌ಟಾಪ್ ಎನಿವೇರ್. ಜೆಠು ಹೇಳಿದ್ರು."

ಉಳಿದ ತೂತುಗಳು ಟೀವಿಯೊಳಕ್ಕೆ ತೆಗೆದುಕೊಳ್ಳುವುದಷ್ಟೇ. ಸದ್ದನ್ನು ಹೊರಗೆ ಕಳಿಸುವುದು ಅದೊಂದೇ ಎಂದು ಅವಳು ಅರ್ಧ ಹಿಂದಿಯಲ್ಲಿ ವಿವರಿಸಿದಳು. ವೈರುಗಳನ್ನು ಅದಲು ಬದಲು ಮಾಡಿ, ಟೀವಿಯ ಸೆಟ್ಟಿಂಗಿನಲ್ಲಿ ಸದ್ದು ಹೊರಗಿನ ಸ್ಪೀಕರಿಗೆ ಹೋಗುವ ಹಾಗೆ ಮಾಡಿದಳು. ನನ್ನ ಮನೆಯ ಟೀವಿಗೂ ಜೆಠುವಿನ ಪಾಠವೇ ಬೇಕಾಯಿತಲ್ಲ ಎಂದು ಹಲ್ಲು ಕಡಿದೆ.

ಆಗ ಚೆಂಡೆಯ ಪೆಟ್ಟು ಬಿತ್ತು. ಕಿಟಕಿಯ ಗಾಜು ಅದುರಿತು, ನೆಲದ ಮೂಲಕ ಅಂಗಾಲಿಗೆ ಬಂತು. ಮೇಘಾ ಹೊರಟವಳು ಹೋಗಲಿಲ್ಲ. ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ಪೂರ್ತಿ ಕೇಳಿದಳು. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ. ಕೊನೆಯ ಪೆಟ್ಟಿಗೆ ಮುಂಚೆ ವಿಡಿಯೊದಲ್ಲಿ ನಾನು ತಡೆದಾಗ ಅವಳೂ ಉಸಿರು ಹಿಡಿದಳು.

ನನ್ನ ಸಂತೋಷ ಬಾಗಿಲ ಬೆಲ್ಲಿನ ತನಕ. ನಿಖಿಲ್ ಬಾಬು ನಿಂತಿದ್ದರು. "ಮೊಂಜುನಾಥ್ ಬಾಬು, ಯೇ ಕೌನ್ ಸಾ ಢಾಕ್ ಹೈ?"

ನಾನು ಬಾಯಿ ತೆರೆಯುವ ಮೊದಲೇ ಮೇಘಾ ಅವರ ಕೈಹಿಡಿದು ಒಳಗೆ ಎಳೆದಳು. "ಢಾಕ್ ನಾ ಜೆಠು, ಚೆಂಡೆ! ಆಮಾರ್ ಬಾಬಾ ಬಾಜಾಚ್ಛೆ!" ನನ್ನಪ್ಪ ಬಾರಿಸುತ್ತಿದ್ದಾನೆ ಎಂದು. ಆಮೇಲೆ ಭಾಗವತರು ಯಾರು, ಮದ್ದಳೆ ಯಾವುದು ಎಂದೆಲ್ಲ ಅವರಿಗೆ ಹೇಳುತ್ತಲೇ ಹೋದಳು. ನಾನು ಹೇಳಿದ್ದನ್ನೆಲ್ಲ ನೆನಪಿಟ್ಟಿದ್ದಳು ಎಂದು ಆಗಲೇ ನನಗೆ ಗೊತ್ತಾದದ್ದು. ಆದರೆ ನನ್ನ ಬಗೆಗಿನ ಹೆಮ್ಮೆಯನ್ನು ಅವಳು ನನ್ನ ಬೆನ್ನ ಹಿಂದೆ ಅಲ್ಲ, ನನ್ನ ಮುಂದೆಯೇ, ಇನ್ನೊಬ್ಬರಿಗೆ, ಅವರ ಭಾಷೆಯಲ್ಲಿ ಹೇಳುತ್ತಿದ್ದಳು. ನಾನು ನನ್ನದೇ ಮನೆಯಲ್ಲಿ ನೆಂಟನ ಹಾಗೆ ಕೂತಿದ್ದೆ.

ಚಹಾ ತರಲು ಅವಳು ಅಡುಗೆಮನೆಗೆ ಹೋದಾಗ ವಿಡಿಯೊ ಮುಗಿಯಿತು. ತಮ್ಮ ಕಳಿಸಿದ ಫೈಲುಗಳೆಲ್ಲ ಒಂದೇ ಕಡೆ ಇದ್ದವು. ಮುಂದಿನದು ತಾನಾಗಿಯೇ ಶುರುವಾಯಿತು. ಈ ವರ್ಷದ ಆಟ. ನಾನು ಅದನ್ನು ತೆರೆದೇ ಇರಲಿಲ್ಲ, ತೆರೆಯುವ ಮನಸ್ಸಾಗಿರಲಿಲ್ಲ. ಕ್ಯಾಮೆರಾ ವೇಷಗಳ ಮೇಲೆಯೇ ಇತ್ತು, ಬಾರಿಸುವವನು ಕಾಣುತ್ತಿರಲಿಲ್ಲ. ನಿಖಿಲ್ ಬಾಬು ತಲೆದೂಗಿ, "ಖೂಬ್ ಭಾಲೋ," ಬಹಳ ಚೆನ್ನಾಗಿದೆ, ಎಂದು ನನ್ನ ಬೆನ್ನು ತಟ್ಟಿದರು. ಸುಮ್ಮನೆ ತಟ್ಟಿಸಿಕೊಂಡೆ.

ಅಡುಗೆಮನೆಯಿಂದ ಮೇಘಾ ಬಿಸ್ಕತ್ತಿನ ತಟ್ಟೆ ಹಿಡಿದು ಬಂದಳು. ಟೀವಿಯ ಕಡೆ ನೋಡಿಯೇ ಇರಲಿಲ್ಲ. "ಏಟಾ ಬಾಬಾ ನಾ," ಎಂದಳು ಅವರಿಗೆ. ಇದು ಅಪ್ಪ ಅಲ್ಲ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಅಪ್ಪಾ, ಕೊನೇ ಪೆಟ್ಟಿಗೆ ಮುಂಚೆ ನಿಲ್ಲಿಸ್ಲೇ ಇಲ್ಲ. ನಿಮ್ಮ ಜಾಗದಲ್ಲಿ ಯಾರು ಬಾರಿಸೋದು?"

"ರಮಾನಂದ," ಎಂದೆ. "ಚೆಂಡೆ ನಂದೇ."

ಅವಳು ತಟ್ಟೆ ಇಟ್ಟು ನಮ್ಮಿಬ್ಬರ ನಡುವೆ ಕೂತಳು. ನನ್ನ ಕೈಯಲ್ಲಿ ರಿಮೋಟ್ ಇತ್ತು, ಆರಿಸಬಹುದಿತ್ತು. ಆರಿಸಲಿಲ್ಲ. ಕೋಣೆ ತುಂಬ ಪೆಟ್ಟುಗಳು ಬೀಳುತ್ತಿದ್ದವು. ಚೆನ್ನಾಗಿಯೇ ಬಾರಿಸುತ್ತಿದ್ದ, ಹಾಳಾದವನು.