ದ್ಯಾಮಮ್ಮನ ಎಂಟನೆಯ ಚೀಲ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿರುವುದು ನೀರೋ, ಕೊಬ್ಬರಿಯೋ, ಕೊಳೆತದ್ದೋ ಎಂದು ದ್ಯಾಮಮ್ಮ ಹೇಳಿಬಿಡುತ್ತಿದ್ದಳು. ತಮ್ಮಯ್ಯನ ಕಾಯಿ ಮಂಡಿಯಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ. ಅಕ್ಷರ ಬಾರದು. ಶಿವನಿ ಕಡೆಯ ನಮ್ಮೂರಲ್ಲಿ ಪಂಚಾಯಿತಿಯವರು ಕಸ ಬೇರ್ಪಡಿಸುವ ಶೆಡ್ಡು ಕಟ್ಟಿದಾಗ ಆ ಕಿವಿಯನ್ನೇ ಅಲ್ಲಿಗೂ ತಂದಳು. ಹಾಲಿನ ಕವರು ಹಿಸುಕಿದರೆ ಮೆತ್ತಗೆ ಮಡಚಿಕೊಳ್ಳುತ್ತದೆ. ಚಿಪ್ಸಿನ ಕವರು ಚರಚರ ಎಂದು ಮತ್ತೆ ಬಿಚ್ಚಿಕೊಳ್ಳುತ್ತದೆ. ಮೊದಲನೆಯದನ್ನು ಕರಗಿಸಿ ಮತ್ತೆ ಬಳಸುತ್ತಾರೆ, ಎರಡನೆಯದು ಸಿಮೆಂಟ್ ಕಾರ್ಖಾನೆಯ ಒಲೆಗೆ. ಅವಳು ಕೂರುವ ಮೇಜಿನ ಪಕ್ಕದ ಗೋಡೆಗೆ ಬಗೆಗೊಂದರಂತೆ ಏಳು ಚೀಲ. ಏಳಕ್ಕೂ ಅವಳ ಕೈ ನೋಡದೆಯೇ ಹೋಗುತ್ತಿತ್ತು.

ಅಂಥವಳ ಹಾಲಿನ ಕವರಿನ ಚೀಲ ಕಡೂರಿನ ಗೋದಾಮಿನಿಂದ ಎರಡು ಸಲ ವಾಪಸು ಬಂತು. ಒಳಗೆ ಚರಚರ ಕವರುಗಳು ಬೆರೆತಿವೆಯಂತೆ.

ಶೆಡ್ಡಿನ ಮೇಲ್ವಿಚಾರಕ ಸತೀಶ್ ಕೆಟ್ಟವನಲ್ಲ, ಆದರೆ ಮೇಲಿನವರಿಗೆ ಉತ್ತರ ಹೇಳಬೇಕಲ್ಲ.

“ದ್ಯಾಮಕ್ಕ, ಇನ್ನೊಂದ್ಸಲ ವಾಪಸ್ ಬಂದ್ರೆ ಮೇಜಿನ ಮುಂದೆ ಬೇರೆಯವರನ್ನ ಕೂರಿಸ್ತೀನಿ. ನೀನು ಪೊರಕೆ ಹಿಡೀಬೇಕಾಯ್ತದೆ.”

“ನನ್ ಕಿವಿ ತಪ್ಪಲ್ಲ ಕಣಪ್ಪಾ.”

“ಕಿವಿಗೂ ವಯಸ್ಸಾಯ್ತದೆ.”

ಆ ಮಾತು ನಾಟಿತು. ಒಂದೇ ಕವರನ್ನು ಎಡಗಿವಿಗೊಮ್ಮೆ ಬಲಗಿವಿಗೊಮ್ಮೆ ಹಿಡಿದು ಹಿಸುಕತೊಡಗಿದಳು. ಮನೆಯಲ್ಲಿ ಕಾಯಿ ಅಲ್ಲಾಡಿಸಿ, ಒಡೆದು ನೋಡಿದಳು. ಹೇಳಿದಂತೆಯೇ ಇತ್ತು. ಕಾಯಿಗೆ ಸರಿಯಿರುವ ಕಿವಿ ಕವರಿಗೆ ಹೇಗೆ ಕೆಟ್ಟೀತು? ಪ್ಲಾಸ್ಟಿಕ್ಕಿನ ಬಗೆ ತಿಳಿಯಲೆಂದು ಕವರಿನ ಮೇಲೆ ತ್ರಿಕೋನದೊಳಗೆ ಅಚ್ಚು ಹಾಕುವ ಅಂಕಿಗಳ ಪಟ್ಟಿಯನ್ನು ಸತೀಶ್ ಗೋಡೆಗೆ ಅಂಟಿಸಿದ. ಅರ್ಧ ಕವರುಗಳ ಮೇಲೆ ಅಂಕಿಯೇ ಇರಲಿಲ್ಲ. ಕಿವಿ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ; ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಯಿತು ಅವಳ ಸ್ಥಿತಿ.

ಮೂರನೆಯ ಲೋಡು ಹೋಗುವ ಹಿಂದಿನ ದಿನ ಹಳೇ ಪತ್ರಿಕೆ ಕೊಡಲು ನಾನು ಶೆಡ್ಡಿಗೆ ಹೋಗಿದ್ದೆ. ಸತೀಶ್ ಹಾಲಿನ ಚೀಲವನ್ನು ನೆಲಕ್ಕೆ ಸುರಿದ. ನಡುನಡುವೆ ಊದುಬತ್ತಿ, ಕರ್ಪೂರ, ಕುಂಕುಮದ ಕವರುಗಳು. ಒಂದೊಂದರ ಮೇಲೂ ಒಬ್ಬೊಬ್ಬ ದೇವರು.

“ಇವು ಚರಚರ ಅನ್ನಲ್ವಾ ಅಕ್ಕ?”

“ಅಂತಾವೆ.”

“ಗೊತ್ತಿದ್ದೂ ಹಾಲಿಗ್ಯಾಕೆ ಹಾಕ್ದೆ?”

“ಮತ್ತೆ ಚರಚರ ಚೀಲದಲ್ಲಿ ಗುಟ್ಕಾ ಕವರ್ ಜೊತೆ ಈಶ್ವರನ್ನ ಹಾಕ್ಲೇನೋ? ತೊಳ್ದು ಬರೋದು ಹಾಲಿನ ಕವರೊಂದೇ. ಅದೇ ಮಡಿ ಚೀಲ.” ಅವಳು ನನ್ನ ಕಡೆ ತಿರುಗಿದಳು. “ಇದಕ್ಕಾ ವಾಪಸ್ ಬಂದಿದ್ದು? ನಾನು ಕಿವೀನೇ ಹೋಯ್ತು ಅಂದ್ಕೊಂಡಿದ್ನಲ್ಲ.”

ಸತೀಶ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ. ದೇವರಿಗೆ ಅದರಲ್ಲಿ ಜಾಗವಿರಲಿಲ್ಲ. ಚಪ್ಪಲಿ ಬಿಟ್ಟು, ದೇವರ ಕವರುಗಳನ್ನು ಕಾಲು ತಾಗದಂತೆ ಒಂದೊಂದೇ ಆರಿಸಿದ. ಆಮೇಲೆ ಉಳಿದ ಚೀಲಗಳಿಗಿಂತ ಒಂದು ಗೇಣು ಮೇಲೆ ಮೊಳೆ ಹೊಡೆದು ಎಂಟನೆಯದನ್ನು ನೇತುಹಾಕಿದ.

“ಇದು ಎಲ್ಲಿಗೋಯ್ತದೆ?”

“ಅದೇ ಒಲೆಗೆ ಅಕ್ಕ. ಚೀಲ ಮಾತ್ರ ಬೇರೆ.”

“ಒಲೇಲಿ ಗುಟ್ಕಾ ಜೊತೆ ಸೇರಲ್ವಾ?”

ಸತೀಶ್ ನನ್ನ ಮುಖ ನೋಡಿದ. ಬೆಂಕಿಗೆ ಮೈಲಿಗೆಯಿಲ್ಲ ಎಂದೆ. ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ.

“ಕರ್ಪೂರ ಉರಿದ್ರೆ ಆರತಿ. ಅದ್ರ ಕವರ್ ಉರಿದ್ರೆ ಏನಂತಾರೆ?” ಎಂದಳು.

ಸತೀಶ್ ಹಾಲಿನ ಕವರುಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದ.

ಮೂರನೆಯ ಲೋಡು ವಾಪಸು ಬರಲಿಲ್ಲ. ದ್ಯಾಮಮ್ಮ ಈಗಲೂ ಮೇಜಿನ ಮುಂದೆಯೇ ಇದ್ದಾಳೆ. ದೇವರ ಕವರು ಬಂದರೆ ಕಣ್ಣಿಗೊತ್ತಿಕೊಳ್ಳುತ್ತಾಳೆ, ಆಮೇಲೆ ಯಾವುದಕ್ಕೂ ಇರಲಿ ಎಂದು ಕಿವಿಯ ಹತ್ತಿರ ಒಮ್ಮೆ ಹಿಸುಕಿ ನೋಡುತ್ತಾಳೆ.