ಪೂಜೆಗೆ ಕೂತ ಡಬ್ಬಿ

ನಾನು ಆಗಾಗ ಬೀಳುತ್ತೇನೆ ಎಂಬುದು ನ್ಯಾಮತಿಯ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಯಾಕೆ ಬೀಳುತ್ತೇನೆ ಎಂಬುದಂತೂ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನಮ್ಮದು ಹಿಟ್ಟಿನ ಗಿರಣಿ. ಗಂಡ ಮೆಕ್ಕೆಜೋಳದ ವ್ಯಾಪಾರವೆಂದು ಬೈಕ್ ಹತ್ತಿ ಹೊನ್ನಾಳಿ ಕಡೆ ತಿರುಗುತ್ತಿದ್ದ. ಗಿರಣಿ ನಡೆಸುವವಳು ನಾನು. ಜೋಳ ಸುರಿಯುತ್ತ ನಿಂತವಳಿಗೆ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬರುತ್ತಿತ್ತು. ಎಚ್ಚರವಾದಾಗ ನೆಲದ ಮೇಲಿರುತ್ತಿದ್ದೆ, ಮೈತುಂಬ ಹಿಟ್ಟು. ಹಿಟ್ಟಿಗೆ ಬಂದವರೆಲ್ಲ ವೈದ್ಯರಾಗುತ್ತಿದ್ದರು. ಒಬ್ಬಳು ಪಿತ್ತ ಎಂದಳು, ಇನ್ನೊಬ್ಬಳು ದೃಷ್ಟಿ ಎಂದು ನಿಂಬೆಹಣ್ಣು ನಿವಾಳಿಸಿದಳು. ಎಲ್ಲರಿಗಿಂತ ಜಾಣೆ ಜಗಳೂರಿನಲ್ಲಿರುವ ನನ್ನ ಗಂಡನ ಅಕ್ಕ.

"ಚೀಲ ಎತ್ತಾಕೆ ಹೋದಾಗ್ಲೇ ಯಾಕೆ ಬೀಳ್ತಾಳೆ? ಉಣ್ಣಾಕೆ ಕೂತಾಗ ಯಾಕೆ ಬೀಳಲ್ಲ?" ಎಂದು ಆಕೆ ತಮ್ಮನನ್ನು ಕೇಳಿದಳು. ತಮ್ಮ ಚಹಾ ಆರಿಸಿಕೊಂಡು ಕುಡಿದ.

ನನಗಿದ್ದ ಭಯ ಒಂದೇ, ಗಿರಣಿಯ ಬೆಲ್ಟ್. ಒಂದು ದಿನ ಆ ಕಡೆಗೆ ಬಿದ್ದರೆ ಸೆರಗಿನ ಜೊತೆ ನನ್ನನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಇವರು ನಾಟಕ ಎನ್ನಲಾರರು, ಆದರೆ ಅದನ್ನು ಕೇಳಲು ನಾನಿರುವುದಿಲ್ಲ. ದಾವಣಗೆರೆಯಲ್ಲಿ ಇಸಿಜಿ ತೆಗೆದಾಗಲೆಲ್ಲ ನನ್ನ ಹೃದಯ ಹೆಣ್ಣು ನೋಡಲು ಬಂದವರೆದುರು ಕೂತ ಹುಡುಗಿಯ ಹಾಗೆ ತಣ್ಣಗೆ ಕೂತಿರುತ್ತಿತ್ತು. ಕೊನೆಗೆ ಡಾಕ್ಟರು ಎಡ ಎದೆಯ ಚರ್ಮದ ಕೆಳಗೆ ಬೆಂಕಿಕಡ್ಡಿಗಿಂತ ತುಸು ದಪ್ಪನೆಯ ಯಂತ್ರವೊಂದನ್ನು ಸೇರಿಸಿದರು. ಹಾಸಿಗೆ ಪಕ್ಕಕ್ಕಿಡಲು ಒಂದು ಡಬ್ಬಿ ಕೊಟ್ಟರು.

"ಬಡಿತ ತಪ್ಪಿದ್ರೆ ಒಳಗಿನದು ಬರ್ಕೊಳುತ್ತೆ. ನೀವು ಮಲಗಿದಾಗ ಡಬ್ಬಿ ಅದನ್ನ ಓದಿ ನಮಗೆ ಕಳಿಸುತ್ತೆ. ಪ್ಲಗ್ ಮಾತ್ರ ಕೀಳಬೇಡಿ," ಎಂದರು.

ಇಷ್ಟು ಸುಲಭದ ಮಾತು. ನಮ್ಮ ಮನೆಗೆ ಅದೂ ಹೆಚ್ಚಾಯಿತು.

ಆಯುಧ ಪೂಜೆಗೆ ಅಕ್ಕ ಜಗಳೂರಿನಿಂದ ಬಂದಳು. ಗಿರಣಿ ತೊಳೆದು, ತಕ್ಕಡಿ, ಬೈಕು, ಕುಡುಗೋಲು ಎಲ್ಲಕ್ಕೂ ವಿಭೂತಿ ಬಳಿದ ಮೇಲೆ ಆಕೆ ಒಳಗೆ ಹೋಗಿ ನನ್ನ ಡಬ್ಬಿಯನ್ನು ಎತ್ತಿಕೊಂಡು ಬಂದಳು. ವೈರು ಬಾಲದಂತೆ ಹಿಂದೆ ಎಳೆದುಕೊಂಡು ಬರುತ್ತಿತ್ತು.

"ಇದೂ ಯಂತ್ರ ಅಲ್ಲೇನು? ಇದೊಂದನ್ನ ಬಿಟ್ರೆ ಹೆಂಗೆ?"

"ಅಕ್ಕಾರೆ, ಅದರ ಪ್ಲಗ್ ಕೀಳಬಾರದು ಅಂದಾರೆ."

"ಬನ್ನಿ ಕೊಡೋತನಕ ಪೂಜೆಗೆ ಕುಂತಿದ್ದನ್ನ ಮುಟ್ಟಬಾರದು ಅಂತ ನಮ್ಮ ಹಿರೇರೂ ಅಂದಾರೆ," ಎಂದಳು.

ಗಂಡನ ಮುಖ ನೋಡಿದೆ. "ಇರ್ಲಿ ಬಿಡು, ಒಂದಿನಕ್ಕೆ ಏನಾಗ್ತೈತೆ," ಎಂದ. ನನ್ನ ಎದೆಯ ಡಬ್ಬಿ ಚೆಂಡುಹೂವಿನ ಹಾರ ಹಾಕಿಸಿಕೊಂಡು ಕುಡುಗೋಲಿನ ಪಕ್ಕದಲ್ಲಿ ಮದುಮಗನಂತೆ ಕೂತಿತು.

ಗಂಡ ಹೊರಗೆ ಬೂದುಗುಂಬಳ ಒಡೆಯುತ್ತಿದ್ದಾಗ ನಾನು ಮಂಗಳಾರತಿ ತಟ್ಟೆ ಸಮೇತ ಬಿದ್ದೆ. ಕಣ್ಣು ಬಿಟ್ಟಾಗ ಮೊದಲು ಕೇಳಿಸಿದ್ದು ಅಕ್ಕನ ದನಿ.

"ಏಳವ್ವ, ಇಲ್ಲಿ ಯಾರೂ ನೋಡಾಕೆ ನಿಂತಿಲ್ಲ."

ಮೊಣಕೈ ಸುಲಿದಿತ್ತು. ಕರ್ಪೂರ ತಾಗಿ ಸೀರೆ ತೂತಾಗಿತ್ತು. ಗಂಡ ಬಾಗಿಲಲ್ಲಿ ನಿಂತು, ಒಡೆದ ಕುಂಬಳದ ಕುಂಕುಮವನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ನಾನೇ ಗೋಡೆ ಹಿಡಿದು ಎದ್ದೆ. ಸಂಜೆ ಅಕ್ಕ ಹೋಳಿಗೆ ಮುರಿಯುತ್ತ ತೀರ್ಪು ಕೊಟ್ಟಳು. "ಆಸ್ಪತ್ರೆಯಿಂದ ಫೋನ್ ಬಂತಾ? ಬರಲಿಲ್ಲ. ಎದೆಯಾಗೆ ಏನಾರ ಇದ್ದಿದ್ರೆ ಬರ್ತಿತ್ತು." ಡಬ್ಬಿಯ ಪ್ಲಗ್ ಕಿತ್ತವಳೇ ಹೀಗೆಂದಾಗ ಗಂಡ ಹೌದು ಎನ್ನುವಂತೆ ತಲೆಯಾಡಿಸಿದ. ಆಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನ ಬನ್ನಿ ಕೊಟ್ಟು, ಬಂಗಾರದಂಗೆ ಇರೋಣ ಎಂದು ಎಲ್ಲರೂ ಎಲ್ಲರಿಗೂ ಹೇಳಿಯಾದ ಮೇಲೆ ಡಬ್ಬಿಯ ಕುಂಕುಮ ಒರೆಸಿ ಪ್ಲಗ್ ಹಾಕಿ ಅದರ ಪಕ್ಕದಲ್ಲೇ ಮಲಗಿದೆ. ಬೆಳಗಾಗುತ್ತಿದ್ದಂತೆ ಆಸ್ಪತ್ರೆಯಿಂದ ಫೋನ್ ಬಂತು. ಸ್ಪೀಕರಿಗೆ ಹಾಕಿ ಚಹಾ ಕುಡಿಯುತ್ತಿದ್ದ ಇಬ್ಬರ ನಡುವೆ ಇಟ್ಟೆ.

"ಅಮ್ಮ, ಹಬ್ಬದ ದಿನ ನಿಮ್ಮ ಹೃದಯ ಕೆಲವು ಸೆಕೆಂಡು ಪೂರ್ತಿ ನಿಂತಿತ್ತು. ಆಗ ಬಿದ್ರಾ? ಇವತ್ತೇ ಬಂದು ಅಡ್ಮಿಟ್ ಆಗಿ, ಪೇಸ್‌ಮೇಕರ್ ಹಾಕ್ಬೇಕು," ಎಂದಿತು ಒಂದು ಹೆಣ್ಣುದನಿ.

"ಇನ್ನೊಂದ್ಸಲ ಹೇಳ್ರಿ," ಎಂದೆ. ಆಕೆ ಮತ್ತೆ ಹೇಳಿದಳು.

ಅಕ್ಕ ಲೋಟ ಕೆಳಗಿಟ್ಟಳು. ನಾಚಿಕೆಯಾಯಿತೇನೋ ಎಂದುಕೊಂಡೆ. "ನೋಡಿದ್ಯಾ? ಡಬ್ಬಿಗೆ ಪೂಜೆ ಮಾಡಿದ್ದಕ್ಕೇ ನಿಂತಿದ್ದು ಮತ್ತೆ ಶುರು ಆಗೈತೆ," ಎಂದಳು.

ಆಕೆಯನ್ನು ಆಕೆಗೇ ಬಿಟ್ಟು ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದೆ. ಗಂಡ ಹಿಂದೆಯೇ ಬಂದ. ನನ್ನ ಮೊಣಕೈಯ ಗಾಯ ಅವನ ಕಣ್ಣಿಗೆ ಬಿದ್ದದ್ದು ಆಗಲೇ.

"ಬಿದ್ದಾಗ ಭಾಳ ನೋವಾಗ್ತಿತ್ತೇನು?" ಎಂದ.

ಇಷ್ಟು ಸಲ ಬಿದ್ದಿದ್ದೆ, ಒಂದು ಸಲವೂ ಕೇಳಿರಲಿಲ್ಲ. ಬ್ಯಾಗಿನ ಜಿಪ್ ಎಳೆದೆ.

"ಅಲ್ಲೇ ಡಬ್ಬಿ ಐತಲ್ಲ," ಎಂದೆ. "ಅದನ್ನ ಕೇಳ್ರಿ."